ಓದುಗರ ಪ್ರಶ್ನೆ: ಮುಳ್ಳಯ್ಯನಗಿರಿಗೆ ಸೈಕಲ್ ತುಳಿಯೋಣ ಅಂತಿದ್ದೇವೆ

ಪ್ರಶ್ನೆ: ಸಾರ್, ನಾವು ಮೂವರು ಗೆಳೆಯರು. ಮೂವರ ಹತ್ತಿರವೂ ಗೇರ್ ಇರುವ ಮೌಂಟನ್ ಬೈಕ್ ಇದೆ, ಊರಲ್ಲಿ ದಿನಾ 20 ಕಿ.ಮೀ. ತುಳಿಯುತ್ತೇವೆ. ಶನಿವಾರ, ಭಾನುವಾರ ಎರಡೇ ದಿನದಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಹೆಬ್ಬೆ ಜಲಪಾತ ಎಲ್ಲ ಮುಗಿಸಬಹುದಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಕಾರಿನವರಿಗೇ ಅದು ಓಡಾಟದ ಶಿಕ್ಷೆ, ಇನ್ನು ಸೈಕಲ್‌ನವರ ಕಥೆ ಕೇಳಬೇಕಾ? ಕೆಮ್ಮಣ್ಣುಗುಂಡಿ, ಹೆಬ್ಬೆ ಎರಡನ್ನೂ ಈ ಸಲ ಬಿಡಿ. ಶನಿವಾರ ಮುಳ್ಳಯ್ಯನಗಿರಿ, ಭಾನುವಾರ ಕಾಲು ಮಾತು ಕೇಳಿದರೆ ಬಾಬಾಬುಡನ್‌ಗಿರಿ. ಅಷ್ಟು ಸಾಕು.

ಚಿಕ್ಕಮಗಳೂರು ಪೇಟೆಯೇ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1,930. ಅಂದರೆ 20 ಕಿ.ಮೀ. ಆಸುಪಾಸಿನ ದಾರಿಯಲ್ಲಿ 800 ಮೀಟರ್‌ಗಿಂತ ಜಾಸ್ತಿ ಏರಬೇಕು, ಅದರಲ್ಲೂ ಕೈಮರ ಚೆಕ್‌ಪೋಸ್ಟ್ ದಾಟಿದ ಮೇಲೆ ರಸ್ತೆ ಸುಮ್ನೆ ಬಿಡೋದಿಲ್ಲ. ಬೆಳಿಗ್ಗೆ ಆರಕ್ಕೇ ಹೊರಡಿ. ಒಂಬತ್ತರ ಹೊತ್ತಿಗೆ ಕಾರುಗಳ ಸಾಲು ಶುರುವಾಗುತ್ತದೆ, ಮೇಲಿನ ರಸ್ತೆ ಕಿರಿದು, ತಿರುವಿನಲ್ಲಿ ಎದುರಿಗೆ ಬರೋರು ಕಾಣೋದಿಲ್ಲ. ಹಗುರ ಗೇರಿಗೆ ಹಾಕಿ ನಿಧಾನಕ್ಕೆ ತುಳಿಯಿರಿ, ಆಗದಿದ್ದರೆ ಇಳಿದು ತಳ್ಳಿ. ನಾನೂ ತಳ್ಳಿದ್ದೇನೆ, ನಾಚಿಕೆ ಏನಿಲ್ಲ. ಕೊನೆಯಲ್ಲಿ ಹೇಗಿದ್ದರೂ ಗುಡಿಗೆ ಮೆಟ್ಟಿಲು ಹತ್ತಲೇಬೇಕು.

ಎಲ್ಲರೂ ಹತ್ತೋದರ ಬಗ್ಗೆಯೇ ಕೇಳುತ್ತಾರೆ. ಕೈಕಾಲು ಮುರಿದುಕೊಳ್ಳೋದು ಮಾತ್ರ ಇಳಿಯುವಾಗ! ಮೊದಲ ಸಲ ಇಳಿದಾಗ ನಾನು ಭಯಕ್ಕೆ ಹಿಂದಿನ ಬ್ರೇಕ್ ಒಂದನ್ನೇ ಒತ್ತಿಹಿಡಿದು ಬಂದೆ. ಮೂರ್ನಾಲ್ಕು ಕಿ.ಮೀ. ಆಗಿರಬೇಕು, ಸುಟ್ಟ ವಾಸನೆ, ಲಿವರ್ ಎಳೆದರೆ ಹ್ಯಾಂಡಲ್ಲಿಗೇ ಬಂದು ತಾಗುತ್ತಿದೆ. ಹೇಗೋ ಮುಂದಿನ ಬ್ರೇಕಿನಲ್ಲಿ ನಿಲ್ಲಿಸಿ ಸೈಕಲ್ ಪಕ್ಕಕ್ಕೆ ಇಟ್ಟೆ, ನೀರು ಕುಡಿಯುವಾಗ ಬಾಟಲಿಯಿಂದ ಎರಡು ಹನಿ ಡಿಸ್ಕ್ (ಬ್ರೇಕ್ ಪ್ಯಾಡ್ ಒತ್ತಿಹಿಡಿಯುವ ಚಕ್ರದ ಲೋಹದ ತಟ್ಟೆ) ಮೇಲೆ ಬಿತ್ತು, ದೋಸೆ ಹೆಂಚಿನ ಹಾಗೆ ಚುಂಯ್ ಅಂದಿತು.

ಅದಕ್ಕೇ ಹೇಳೋದು, ಎರಡೂ ಬ್ರೇಕ್ ಬಳಸಿ. ತಿರುವಿಗೆ ಮೊದಲೇ ವೇಗ ಇಳಿಸಿ, ಆಮೇಲೆ ಬ್ರೇಕ್ ಬಿಟ್ಟು ತಣ್ಣಗಾಗಲು ಕೊಡಿ. ಜಲ್ಲಿ ಇರುವ ಕಡೆ ಹ್ಯಾಂಡಲ್ ತಿರುಗಿಸುತ್ತಾ ಮುಂದಿನ ಬ್ರೇಕ್ ಗಕ್ಕನೆ ಹಿಡಿದಿರೋ, ನೆಲ ಮುತ್ತಿಕ್ಕಿದಿರಿ. ಸೀಟು ಸ್ವಲ್ಪ ತಗ್ಗಿಸಿ, ಮೈಭಾರ ಹಿಂದಕ್ಕೆ ಹಾಕಿ. ಹೊರಡೋ ಮುಂಚೆ ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆ ನೋಡಿಸಿ. ಹೊಸ ಜರ್ಸಿ ಆಮೇಲೆ ಕೊಂಡರಾಯಿತು.

ಪ್ರಶ್ನೆ: ಮಳೆಗಾಲದಲ್ಲಿ ಗಿರಿ ಚೆಂದ ಅಂತಾರೆ. ಜುಲೈಯಲ್ಲಿ ಸೈಕಲ್ ತಗೊಂಡು ಹೋಗಬಹುದಾ?
– ಓದುಗರೊಬ್ಬರು, ತುಮಕೂರು

ಉತ್ತರ: ಚೆಂದ ನಿಜ, ಮಂಜು ಸರಿದರೆ! ಜುಲೈಯಲ್ಲಿ ಮುಂದಿನ ಚಕ್ರ ಕಂಡರೆ ಅದೃಷ್ಟ. ಮೇಲೆ ಗಾಳಿ, ಒದ್ದೆ ರಸ್ತೆ, ಹುಲ್ಲಿಗೆ ಕಾಲಿಟ್ಟರೆ ಇಂಬಳ. ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಬೇಸಿಗೆಯಾದರೂ ಪರವಾಗಿಲ್ಲ ಅಂದರೆ ಮಾರ್ಚ್-ಏಪ್ರಿಲ್‌ನ ಮೊದಲ ಮಳೆಗೆ ಕಾದಿರಿ. ಮಳೆ ಬಿದ್ದು ವಾರ, ಹತ್ತು ದಿನಕ್ಕೆ ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗೆ, ಥೇಟ್ ಮಲ್ಲಿಗೆ ಘಮ. ಕಾರಿನ ಗಾಜು ಏರಿಸಿಕೊಂಡು ಹೋಗೋರಿಗೆ ಅದು ಸಿಗೋದಿಲ್ಲ. ಕುರಿಂಜಿ ಬಗ್ಗೆ ಬಹಳ ಜನ ಕೇಳುತ್ತಾರೆ. 12 ವರ್ಷಕ್ಕೊಮ್ಮೆ ಅರಳುವ ಆ ನೀಲಿ ಹೂ ಈ ಗಿರಿಗಳಲ್ಲಿ 2022ರಲ್ಲಿ ಅರಳಿತ್ತು, ಲೆಕ್ಕ ನೀವೇ ಹಾಕಿಕೊಳ್ಳಿ.

ಪ್ರಶ್ನೆ: ರಸ್ತೆ ಬಿಟ್ಟು ಮಣ್ಣುದಾರಿಯಲ್ಲಿ ಓಡಿಸೋಕೆ ಜಾಗ ಎಲ್ಲಿ? ಗುಡ್ಡದ ಹುಲ್ಲುಗಾವಲಲ್ಲಿ ಇಳಿಸಬಹುದಾ?
– ಕಾಲೇಜು ಹುಡುಗ, ಬೆಂಗಳೂರು

ಉತ್ತರ: ಹುಲ್ಲುಗಾವಲಲ್ಲಿ ಬೇಡಪ್ಪಾ. ಚಕ್ರ ಒಂದು ಗೆರೆ ಎಳೆದರೆ ಮಳೆನೀರು ಅದೇ ಗೆರೆ ಹಿಡಿದು ಹರಿದು ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಕಾಡಿನ ದಾರಿಗೆ ಅರಣ್ಯ ಇಲಾಖೆಯವರನ್ನು ಕೇಳದೆ ಇಳಿಯಬೇಡ. ತೋಟದ ಹೋಂಸ್ಟೇಯಲ್ಲಿ ಉಳಿದುಕೋ, ಅವರ ಜೀಪ್ ದಾರಿಯೇ ನಿನಗೆ ಬೇಕಾದಷ್ಟಾಯಿತು: ಕೆಂಪು ಮಣ್ಣು, ಬೇರು, ತರಗೆಲೆ. ತೋಟದ ಯಜಮಾನರನ್ನು ಮೊದಲು ಒಂದು ಮಾತು ಕೇಳು. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಕಾಫಿ ಹರಡಿರುತ್ತಾರೆ. ಅಡ್ಡದಾರಿ ಅಂತ ಅದರ ಮೇಲೆ ಸೈಕಲ್ ಹಾಯಿಸಿದರೆ, ಸಂಜೆಯ ಅಕ್ಕಿರೊಟ್ಟಿ ಮರೆತುಬಿಡು.