ಊಟವಾದ ಮೇಲೆ ಕಿಣ್ವದ ಕ್ಯಾಪ್ಸೂಲ್: ಪ್ರತಿಕ್ರಿಯೆ

ನಮಸ್ಕಾರ. ಮೇದೋಜೀರಕ ಗ್ರಂಥಿಯ ಉರಿಯೂತ ಶಮನವಾದ ಬಳಿಕವೂ ಮಲ ಜಿಡ್ಡಾಗಿ ತೇಲುತ್ತಿದೆ, ತೂಕ ಇಳಿಯುತ್ತಿದೆ, ಊಟವಾದ ಮೇಲೆ ಕಿಣ್ವದ ಕ್ಯಾಪ್ಸೂಲ್ ನುಂಗಿದರೂ ಗುಣ ಕಾಣುತ್ತಿಲ್ಲ ಎಂದು ಬರೆದಿದ್ದೀರಿ. ಇದನ್ನು ಜೀವನಪೂರ್ತಿ ಸೇವಿಸಬೇಕೇ ಎಂದೂ ಕೇಳಿದ್ದೀರಿ.

ನನಗೆ ಮೊದಲು ಅನುಮಾನ ಬರುವುದು ಸೇವನೆಯ ಸಮಯದ ಮೇಲೆ. ಕ್ಯಾಪ್ಸೂಲಿನಲ್ಲಿರುವ ಲೈಪೇಸ್ (ಕೊಬ್ಬನ್ನು ಜೀರ್ಣಿಸುವ ಕಿಣ್ವ) ಆಹಾರದೊಂದಿಗೆ ಬೆರೆತು ಸಣ್ಣ ಕರುಳನ್ನು ತಲುಪಿದರೆ ಮಾತ್ರ ಕೊಬ್ಬು ಜೀರ್ಣವಾಗುವುದರಿಂದ, ಅದನ್ನು ಮೊದಲ ತುತ್ತಿನೊಂದಿಗೆ ಆರಂಭಿಸಿ, ಒಂದಕ್ಕಿಂತ ಹೆಚ್ಚಿದ್ದರೆ ಉಳಿದವನ್ನು ಊಟದ ನಡುವೆ ಹಂಚಿಕೊಂಡು, ಅಗಿಯದೆ ನುಂಗಬೇಕು. ಎರಡನೆಯದು ಪ್ರಮಾಣ: ವಯಸ್ಕರಿಗೆ ಸಾಮಾನ್ಯವಾಗಿ ಮುಖ್ಯ ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸ್, ಲಘು ಉಪಾಹಾರಕ್ಕೆ ಅದರ ಅರ್ಧದಷ್ಟನ್ನು ಆರಂಭದಲ್ಲಿ ಸೂಚಿಸಲಾಗುತ್ತದೆ, ತಮ್ಮ ಕ್ಯಾಪ್ಸೂಲಿನ ಮೇಲೆ 10,000 ಎಂದಷ್ಟೇ ಇದ್ದು ಒಂದನ್ನೇ ನುಂಗುತ್ತಿದ್ದರೆ, ಪ್ರಮಾಣ ಹೆಚ್ಚಿಸುವ ಬಗ್ಗೆ ವೈದ್ಯರನ್ನು ಕೇಳಿ. ಅದಕ್ಕೂ ಬಗ್ಗದಿದ್ದರೆ ಅವರು ಹೊಟ್ಟೆಯ ಆಮ್ಲ ತಗ್ಗಿಸುವ ಔಷಧಿಯನ್ನು ಜೊತೆಗೆ ಕೊಡುವುದುಂಟು.

ಮಲದ ಎಲಾಸ್ಟೇಸ್ ಪರೀಕ್ಷೆ (ಮೇದೋಜೀರಕ ಗ್ರಂಥಿ ಸ್ರವಿಸುವ ಎಲಾಸ್ಟೇಸ್ ಎಂಬ ಕಿಣ್ವ ಮಲದಲ್ಲಿ ಎಷ್ಟಿದೆ ಎಂದು ಅಳೆಯುವುದು) ಆಗಿದೆಯೇ ಎಂಬುದನ್ನು ತಾವು ಬರೆದಿಲ್ಲ. ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಗ್ರಂಥಿಯ ಕಿಣ್ವಗಳ ಕೊರತೆಯ ಶಂಕೆ, 100ಕ್ಕಿಂತ ಕಡಿಮೆಯಿದ್ದರೆ ಶಂಕೆ ಬಲವಾಗುತ್ತದೆ. ಆದರೆ ನೀರಾಗಿರುವ ಮಾದರಿಯಲ್ಲಿ ಅಂಕಿ ತಪ್ಪಾಗಿ ಇಳಿದು ಕಾಣಬಹುದು. ಈ ಪರೀಕ್ಷೆಗಾಗಿ ಕ್ಯಾಪ್ಸೂಲ್ ನಿಲ್ಲಿಸಬೇಕಿಲ್ಲ.

ಜಿಡ್ಡಿಗೆ ಹೆದರಿ ಕೊಬ್ಬನ್ನು ಪೂರ್ತಿ ಬಿಡುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ, ತೂಕ ಇನ್ನಷ್ಟು ಇಳಿದೀತು. ವಿಟಮಿನ್ ಎ, ಡಿ, ಇ, ಕೆ ಕೊರತೆಯನ್ನೂ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ.

ಜೀವನಪೂರ್ತಿಯ ಪ್ರಶ್ನೆಗೆ ಉತ್ತರ ಉರಿಯೂತದ ಬಗೆಯನ್ನು ಅವಲಂಬಿಸಿದೆ: ತೀವ್ರ ಸ್ವರೂಪದ್ದು ಒಮ್ಮೆ ಬಂದು ಹೋಗಿದ್ದರೆ ಗ್ರಂಥಿ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳಬಹುದು, ದೀರ್ಘಕಾಲಿಕವಾದರೆ ಕ್ಯಾಪ್ಸೂಲ್ ಸಾಮಾನ್ಯವಾಗಿ ಮುಂದುವರಿಯುತ್ತದೆ.