ತಲೆ ಆಡಿಸಿದರು, ಉತ್ತರ ಮಾತ್ರ ಬರಲಿಲ್ಲ

ಪ್ರಶ್ನೆ: ಗೋದಾಮುಗಳ ಸರಕಿನ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿ ನಮ್ಮದು. ಈಚೆಗೆ ಟೋಕಿಯೊದಲ್ಲಿ ಕಚೇರಿ ತೆರೆದೆವು. ಅಲ್ಲಿನ ಒಂದು ದೊಡ್ಡ ಕಂಪನಿ ಜೊತೆ ಮೂರು ಮೀಟಿಂಗ್ ಆಯ್ತು. ಎಲ್ಲರೂ ತಲೆ ಆಡಿಸಿದರು, ‘ಪರಿಶೀಲಿಸುತ್ತೇವೆ’ ಅಂದರು. ಎರಡು ತಿಂಗಳಾದರೂ ಸುದ್ದಿಯಿಲ್ಲ. ಬೆಲೆ ಇಳಿಸಬೇಕಾ? ಜೊತೆಗೆ, ಮೊದಲ ಸೇಲ್ಸ್ ಮ್ಯಾನೇಜರ್ ಹುದ್ದೆಗೆ ಕೊನೆಯ ಸುತ್ತಿನಲ್ಲಿ ಇಬ್ಬರು ಉಳಿದಿದ್ದಾರೆ. ಒಬ್ಬರ ಇಂಗ್ಲಿಷ್ ತುಂಬಾ ಚೆನ್ನಾಗಿದೆ, ತಮ್ಮ ಸಾಧನೆಗಳನ್ನು ಸೊಗಸಾಗಿ ಹೇಳುತ್ತಾರೆ. ಇನ್ನೊಬ್ಬರು ತಡವರಿಸುತ್ತಾರೆ, ಏನು ಕೇಳಿದರೂ ‘ನಮ್ಮ ತಂಡ ಮಾಡಿತು’ ಅನ್ನುತ್ತಾರೆ. ಮೊದಲನೆಯವರನ್ನು ತಗೊಂಡು, ಸರಿಹೋಗದಿದ್ದರೆ ಮೂರು ತಿಂಗಳಲ್ಲಿ ಕಳಿಸಿದರಾಯ್ತು ಅಂತ ಯೋಚನೆ. ಸರೀನಾ?

ಉತ್ತರ: ಬೆಲೆ ಇಳಿಸಬೇಡಿ. ಜಾಸ್ತಿ ಆಯ್ತು ಅಂತ ಅವರು ಹೇಳಿಯೇ ಇಲ್ಲವಲ್ಲ. ಕೇಳದೆ ಇಳಿಸಿದರೆ, ಮೊದಲು ಹೇಳಿದ ಬೆಲೆಗೆ ಆಧಾರವೇನಿತ್ತು ಅನ್ನುವ ಅನುಮಾನ ಹುಟ್ಟುತ್ತದೆ. ಒಳಗೆ ನಿಮ್ಮ ಪರ ಮಾತಾಡಿದವರು ಪೇಚಿಗೆ ಸಿಕ್ಕಿಕೊಳ್ಳುತ್ತಾರೆ.

ಜಪಾನಿನ ದೊಡ್ಡ ಕಂಪನಿಗಳಲ್ಲಿ ಮೀಟಿಂಗ್ ರೂಮಿನಲ್ಲೇ ತೀರ್ಮಾನ ಆಗುವುದು ಅಪರೂಪ. ಅಲ್ಲಿ ರಿಂಗಿ ಅನ್ನುವ ಪದ್ಧತಿ ಇದೆ. ಕೆಳಗಿನ ಹಂತದ ಒಬ್ಬರು ಪ್ರಸ್ತಾವ ಬರೆಯುತ್ತಾರೆ. ಅದು ಕಾಚೋ, ಅಂದರೆ ವಿಭಾಗದ ಮುಖ್ಯಸ್ಥರ ಮೇಜಿಗೆ ಹೋಗುತ್ತದೆ. ಅಲ್ಲಿಂದ ಅವರ ಮೇಲಿನ ಬುಚೋ, ಆಮೇಲೆ ಹಣಕಾಸು, ಐಟಿ, ಕಾನೂನು ವಿಭಾಗ. ಪ್ರತಿಯೊಬ್ಬರ ಮೊಹರೂ ಬೀಳಬೇಕು. ಈಗೀಗ ಹಲವು ಕಡೆ ಕಂಪ್ಯೂಟರಿನಲ್ಲೇ ಒಪ್ಪಿಗೆ ಕೊಡುತ್ತಾರೆ, ಆದರೆ ಸುತ್ತು ಅದೇ. ಇನ್ನು ಈ ಕಾಗದ ಹೊರಡುವ ಮುಂಚೆಯೇ, ಬರೆದವರು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕಂಡು, ತಕರಾರು ಕೇಳಿ, ಒಪ್ಪಿಸಿರುತ್ತಾರೆ. ಇದಕ್ಕೆ ನೆಮವಾಶಿ ಅನ್ನುತ್ತಾರೆ. ನಿಮ್ಮ ಮೂರು ಮೀಟಿಂಗ್ ಈ ಓಡಾಟಕ್ಕೆ ಬೇಕಾದ ಸರಕು ಒದಗಿಸಿದೆ, ಅಷ್ಟೇ.

ಹಾಗಾಗಿ ತಲೆ ಆಡಿಸಿದ್ದನ್ನು ಒಪ್ಪಿಗೆ ಅಂತ ಓದಬೇಡಿ. ‘ಪರಿಶೀಲಿಸುತ್ತೇವೆ’ ಅನ್ನುವುದಂತೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನಿಜವಾದ ಸುಳಿವು ಬೇರೆ ಕಡೆ ಇದೆ. ಮೀಟಿಂಗ್ ಆದ ಮೇಲೆ ಸಣ್ಣಪುಟ್ಟ ಪ್ರಶ್ನೆಗಳು ಬಂದವಾ? ಡೇಟಾ ಎಲ್ಲಿ ಇಡುತ್ತೀರಿ, ರಾತ್ರಿ ಸಿಸ್ಟಂ ಕೈಕೊಟ್ಟರೆ ಜಪಾನಿ ಭಾಷೆಯಲ್ಲಿ ಫೋನ್ ಎತ್ತುವವರು ಯಾರು, ಇಂಥವು? ಬಂದಿದ್ದರೆ ಯಾರೋ ಒಬ್ಬರು ನಿಮ್ಮ ಕೆಲಸ ಹೊತ್ತುಕೊಂಡು ಓಡಾಡುತ್ತಿದ್ದಾರೆ. ಒಂದೂ ಬಂದಿಲ್ಲ ಅಂದರೆ ಅದು ಮರ್ಯಾದೆಯಿಂದ ಹೇಳಿದ ‘ಬೇಡ’ ಇರಬಹುದು.

ಆ ಓಡಾಡುವವರನ್ನು ಹುಡುಕಿ. ಅವರನ್ನು ತಾಂತೋಶಾ ಅನ್ನುತ್ತಾರೆ, ನಿಮ್ಮ ಕಡತ ನೋಡಿಕೊಳ್ಳುವವರು. ಸಾಮಾನ್ಯವಾಗಿ ಮೇಜಿನ ತುದಿಯಲ್ಲಿ ಕೂತು, ಜಾಸ್ತಿ ಮಾತಾಡದೆ ಎಲ್ಲವನ್ನೂ ಬರೆದುಕೊಳ್ಳುವ ಚಿಕ್ಕ ವಯಸ್ಸಿನವರು. ಹೊರಗಿನಿಂದ ಬಂದವರೆಲ್ಲ ಹಿರಿಯ ಅಧಿಕಾರಿಯ ಮುಖ ನೋಡಿ ಮಾತಾಡಿ, ಇವರಿಗೆ ಒಂದು ನಮಸ್ಕಾರವನ್ನೂ ಹೇಳದೆ ಹೊರಟುಬಿಡುತ್ತಾರೆ. ಎಷ್ಟೋ ಒಳ್ಳೆಯ ವ್ಯವಹಾರ ಅಲ್ಲೇ ನಿಂತುಹೋಗುತ್ತದೆ. ಇವರಿಗೆ ಜಪಾನಿ ಭಾಷೆಯಲ್ಲಿ ಎರಡೇ ಪುಟ ಬರೆದು ಕಳಿಸಿ. ಒಟ್ಟು ಖರ್ಚು ಎಷ್ಟು, ಏನೇನು ತೊಂದರೆ ಬರಬಹುದು, ಬಂದರೆ ನೀವೇನು ಮಾಡುತ್ತೀರಿ, ಈಗ ಇರುವ ವ್ಯವಸ್ಥೆಗಿಂತ ಇದು ಯಾಕೆ ವಾಸಿ. ಅವರು ಅದನ್ನು ಹಾಗೇ ರಿಂಗಿ ಕಾಗದಕ್ಕೆ ಇಳಿಸಿಕೊಳ್ಳುವಂತಿರಲಿ. ‘ಆಗುತ್ತಾ, ಇಲ್ಲವಾ’ ಅಂತ ಕೇಳಬೇಡಿ. ‘ಯಾವ ವಿಭಾಗದವರಿಗೆ ಇನ್ನೂ ಅನುಮಾನ ಇದೆ, ನಾವು ಯಾವ ಮಾಹಿತಿ ಕೊಟ್ಟರೆ ನಿಮಗೆ ಅನುಕೂಲ’ ಅಂತ ಕೇಳಿ. ಹತ್ತು ಜನರ ಎದುರು ಬೇಡ, ಒಬ್ಬರೇ ಇದ್ದಾಗ ಕೇಳಿ.

ಕ್ಯಾಲೆಂಡರ್ ಮೇಲೂ ಕಣ್ಣಿರಲಿ. ಅಲ್ಲಿ ಬಹುತೇಕ ಕಂಪನಿಗಳ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಏಪ್ರಿಲ್‌ನಲ್ಲಿ ವರ್ಗಾವಣೆಗಳೂ ಜಾಸ್ತಿ. ನಿಮ್ಮ ತಾಂತೋಶಾ ಬೇರೆ ವಿಭಾಗಕ್ಕೆ ಹೋದರೆ ಹೊಸಬರೊಂದಿಗೆ ಮೊದಲಿಂದ ಶುರು ಮಾಡಬೇಕಾದೀತು.

ಇನ್ನು ನೇಮಕ. ನನ್ನ ಪ್ರಕಾರ ನಿಮ್ಮ ಎರಡು ಪ್ರಶ್ನೆಗಳೂ ಒಂದೇ. ಮೇಲೆ ಹೇಳಿದ ಕೆಲಸವೆಲ್ಲ ಮಾಡಬೇಕಾದವರು ಈ ಸೇಲ್ಸ್ ಮ್ಯಾನೇಜರೇ ಅಲ್ವಾ? ನೀವು ಅವರನ್ನು ಅಳೆಯುತ್ತಿರುವುದು ಮಾತ್ರ ನಿಮ್ಮೊಂದಿಗೆ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅನ್ನುವುದರಿಂದ. ಅವರು ಒಪ್ಪಿಸಬೇಕಾದ್ದು ಗಿರಾಕಿಯನ್ನು, ನಿಮ್ಮನ್ನಲ್ಲ.

ಇಬ್ಬರನ್ನೂ ಇನ್ನೊಂದು ಸಲ ಕರೆಯಿರಿ, ಈ ಸಲ ಸಂದರ್ಶನ ಜಪಾನಿ ಭಾಷೆಯಲ್ಲಿ ಆಗಲಿ. ನೀವೇ ದುಡ್ಡು ಕೊಟ್ಟು ಒಳ್ಳೆಯ ದುಭಾಷಿಯನ್ನು ಕೂರಿಸಿಕೊಳ್ಳಿ. ‘ತಂಡ ಮಾಡಿತು’ ಅಂದವರಿಗೆ ಕೇಳಿ: ಆ ಕೆಲಸದಲ್ಲಿ ಪ್ರಸ್ತಾವ ಬರೆದದ್ದು ಯಾರು? ಗಿರಾಕಿಯ ಕಡೆ ಯಾವ ವಿಭಾಗ ಅಡ್ಡ ಬಂತು? ಅವರನ್ನು ನೀವು ಎಷ್ಟು ಸಲ ಕಂಡಿರಿ, ಕೊನೆಗೆ ಅವರು ಒಪ್ಪಿದ್ದು ಯಾವ ಮಾತಿಗೆ? ಸ್ವಂತ ಹೊಗಳಿಕೆ ಅಲ್ಲಿ ಅನೇಕರಿಗೆ ಮುಜುಗರದ ವಿಷಯ. ಆದರೆ ನಡೆದದ್ದನ್ನು ಬಿಡಿಸಿ ಹೇಳಿ ಅಂದರೆ ಹೇಳುತ್ತಾರೆ. ಅದೇ ಪ್ರಶ್ನೆಗಳನ್ನು ಮೊದಲನೆಯವರಿಗೂ ಕೇಳಿ. ಅವರೂ ವಿವರವಾಗಿ ಉತ್ತರಿಸಿದರೆ ಸಂತೋಷ, ಇಂಗ್ಲಿಷ್ ಬರುವುದು ತಪ್ಪೇನಲ್ಲ. ಉತ್ತರ ಬರೀ ‘ನಾನು ಗುರಿ ಮುಟ್ಟಿದೆ’ ಅನ್ನುವಲ್ಲೇ ನಿಂತರೆ ನಾನಾದರೆ ಎರಡನೆಯವರನ್ನೇ ತಗೊಳ್ಳುತ್ತೇನೆ. ಇಂಗ್ಲಿಷ್‌ಗೆ ದುಭಾಷಿ ಸಿಗುತ್ತಾರೆ, ನೆಮವಾಶಿಗೆ ಸಿಗುವುದಿಲ್ಲ.

ಮೂರು ತಿಂಗಳಲ್ಲಿ ಕಳಿಸುವ ಯೋಚನೆಯನ್ನಂತೂ ದಯವಿಟ್ಟು ಬಿಡಿ. ಪ್ರೊಬೇಷನ್ ಅವಧಿ ಜಪಾನಿನಲ್ಲೂ ಇದೆ, ಮೂರರಿಂದ ಆರು ತಿಂಗಳು ಇಡುವುದು ವಾಡಿಕೆ. ಆದರೆ ಅದು ಸುಮ್ನೆ ಕಳಿಸಿಬಿಡಲು ಕೊಟ್ಟ ಪರವಾನಗಿ ಅಲ್ಲ. ಕಾರಣ ಸಮಂಜಸವಾಗಿರಬೇಕು, ಸಮಾಜ ಒಪ್ಪುವಂತಿರಬೇಕು, ಇಲ್ಲದಿದ್ದರೆ ವಜಾ ಮಾಡಿದ್ದೇ ಅಸಿಂಧು ಅನ್ನುತ್ತದೆ ಅಲ್ಲಿನ ಕಾರ್ಮಿಕ ಒಪ್ಪಂದ ಕಾಯ್ದೆ. ಪ್ರೊಬೇಷನ್‌ನಲ್ಲಿ ಕೋರ್ಟುಗಳು ಕೊಂಚ ಸಡಿಲ ಬಿಡುತ್ತವೆ, ಆದರೂ ಕಾರಣ ಬೇಕೇ ಬೇಕು. ಕೆಲಸಕ್ಕೆ ಸೇರಿ 14 ದಿನ ದಾಟಿದರೆ 30 ದಿನ ಮುಂಚೆ ತಿಳಿಸಬೇಕು, ಇಲ್ಲವೇ ಆ ದಿನಗಳ ಸಂಬಳ ಕೊಡಬೇಕು. ಅಷ್ಟೇಕೆ, ಆಫರ್ ಒಪ್ಪಿಕೊಂಡವರಿಗೆ ‘ಬೇಡ’ ಅನ್ನುವುದನ್ನೂ ಕೋರ್ಟುಗಳು ಹೆಚ್ಚುಕಡಿಮೆ ವಜಾ ಮಾಡಿದ ಹಾಗೆಯೇ ನೋಡುತ್ತವೆ. ಅವರಾದರೂ ಇದ್ದ ಕೆಲಸ ಬಿಟ್ಟು, ಹೆಸರೇ ಕೇಳಿರದ ಹೊರದೇಶದ ಕಂಪನಿಯನ್ನು ನಂಬಿ ಬರುವವರು.

ಆದ್ದರಿಂದ ಆಫರ್ ಕೊಡುವ ಮುಂಚೆಯೇ ಅಲ್ಲಿನ ಕಾರ್ಮಿಕ ಕಾನೂನು ಗೊತ್ತಿರುವ ವಕೀಲರಿಂದ ಒಪ್ಪಂದ ಬರೆಸಿ. ಸಂಬಳ, ಕೆಲಸದ ಸಮಯದ ಜೊತೆಗೆ, ಮುಂದೆ ಕೆಲಸವಾಗಲಿ ಜಾಗವಾಗಲಿ ಎಷ್ಟರ ಮಟ್ಟಿಗೆ ಬದಲಾಗಬಹುದು ಅನ್ನುವುದನ್ನೂ ಬರೆದು ತಿಳಿಸಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಬಂದಿದೆ. ಪ್ರೊಬೇಷನ್‌ನಲ್ಲಿ ನೀವು ಏನನ್ನು ನೋಡುತ್ತೀರಿ ಅನ್ನುವುದೂ ಅದರಲ್ಲಿರಲಿ. ಮೊದಲ ಮೂರು ತಿಂಗಳಿಗೆ ಮಾರಾಟದ ಗುರಿ ಇಡಬೇಡಿ. ಯಾವ ಕಂಪನಿಯಲ್ಲಿ ಯಾರನ್ನು ಕಂಡರು, ಯಾರು ಏನು ಅಡ್ಡಿ ಹೇಳಿದರು, ಅದನ್ನು ಕೇಳುತ್ತಾ ಹೋಗಿ.