ಡಿ ಅಂಡ್ ಡಿ ಶುರು ಮಾಡುವವರಿಗೆ ಡೀಫಾಲ್ಟ್ ಲೋಕ ಯಾವುದಿರಲಿ?

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಶುರು ಮಾಡಬೇಕು, ಐವರು ಗೆಳೆಯರು, ಹೆಚ್ಚಿನವರು ಹೊಸಬರು, ನೀವೇ ಡಿಎಂ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರು) ಅಂತ ಬರೆದಿದ್ದೀರಿ. ಫರ್ಗಾಟನ್ ರೆಲ್ಮ್ಸ್, ಗ್ರೇಹಾಕ್, ಎಬೆರಾನ್, ಇಲ್ಲವೇ ಸ್ವಂತದ್ದೊಂದು ಲೋಕ, ಇವುಗಳಲ್ಲಿ ಯಾವುದನ್ನು ಖಾಯಂ ಮಾಡಿಕೊಳ್ಳಲಿ ಅನ್ನುವುದು ನಿಮ್ಮ ಪ್ರಶ್ನೆ.

ನನ್ನ ಉತ್ತರ ಗ್ರೇಹಾಕ್. ಅದರಲ್ಲೂ ಒಂದೇ ಒಂದು ಊರು.

ಡೀಫಾಲ್ಟ್ ಲೋಕದ ಕೆಲಸ ಏನು ಅಂತ ಮೊದಲು ಯೋಚಿಸಿ. ಕ್ಲೆರಿಕ್, ಅಂದರೆ ಪೂಜಾರಿ ಪಾತ್ರ, ಯಾವ ದೇವರಿಗೆ ಕೈ ಮುಗಿಯುತ್ತಾನೆ? ಆರ್ಕ್ (ಮನುಷ್ಯರಲ್ಲದ ಒಂದು ಜನಾಂಗ) ಒಬ್ಬ ಸಂತೆಗೆ ಬಂದರೆ ಜನ ಓಡುತ್ತಾರಾ, ಮಾತಾಡಿಸುತ್ತಾರಾ? ಮಂತ್ರ ಬಲ್ಲವರು ಊರಿಗೊಬ್ಬರಾ, ಬೀದಿಗೊಬ್ಬರಾ? ಇಂಥ ಪ್ರಶ್ನೆಗೆ ಆಟ ನಿಲ್ಲಿಸದೆ ಉತ್ತರ ಸಿಗಬೇಕು. ಜೊತೆಗೆ, ಆಟಗಾರರ ನಿಯಮಪುಸ್ತಕವಾದ ಪ್ಲೇಯರ್ಸ್ ಹ್ಯಾಂಡ್‌ಬುಕ್ ನೋಡಿ ಯಾರು ಏನು ಆರಿಸಿಕೊಂಡರೂ ಆ ಲೋಕ ಹೂಂ ಅನ್ನಬೇಕು. ಡಾರ್ಕ್ ಸನ್ ಅನ್ನುವ ಲೋಕ ನನಗೆ ತುಂಬಾ ಇಷ್ಟ. ಆದರೆ ಅಲ್ಲಿ ದೇವರೇ ಇಲ್ಲ, ಕಬ್ಬಿಣ ಸಿಗುವುದೇ ಅಪರೂಪ. ಡ್ರ್ಯಾಗನ್‌ಲಾನ್ಸ್‌ನ ಲೋಕವಾದ ಕ್ರಿನ್‌ನಲ್ಲಿ ಆರ್ಕ್‌ಗಳಿಲ್ಲ. ಹೊಸಬರು ಆಸೆಯಿಂದ ಕ್ಯಾರೆಕ್ಟರ್ ಮಾಡಿಕೊಂಡು ಬಂದಾಗ "ಇದು ಇಲ್ಲಿ ಆಗಲ್ಲ" ಅನ್ನಬೇಕಾಗುತ್ತದೆ. ಆ ಲೋಕಗಳನ್ನು ಎರಡನೇ ಕ್ಯಾಂಪೇನ್‌ಗೆ, ಅಂದರೆ ಇದು ಮುಗಿದ ಮೇಲಿನ ಮುಂದಿನ ದೀರ್ಘ ಆಟಕ್ಕೆ, ಇಟ್ಟುಕೊಳ್ಳಿ.

ಫರ್ಗಾಟನ್ ರೆಲ್ಮ್ಸ್ ಯಾಕೆ ಬೇಡ ಅಂತೀರಾ? ಆಟದ 2014ರ ಐದನೇ ಆವೃತ್ತಿಯ ಸಾಹಸಗಳಲ್ಲಿ (ಆಡಲು ಸಿದ್ಧವಾಗಿ ಅಚ್ಚಾದ ಕಥೆಗಳಲ್ಲಿ) ಹೆಚ್ಚಿನವು ನಡೆಯುವುದೇ ಅಲ್ಲಿ. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ವಿಡಿಯೋ ಗೇಮ್ ಆಡಿದವರಿಗೆ ಹೆಸರುಗಳು ಆಗಲೇ ಪರಿಚಯ. ನಾನೂ ಇದೇ ಲೆಕ್ಕ ಹಾಕಿ ಅಲ್ಲೇ ಶುರು ಮಾಡಿದ್ದೆ. ಮೊದಲ ಸೆಷನ್‌ನಲ್ಲೇ ವಿಝರ್ಡ್ (ಮಂತ್ರವಾದಿ) ಪಾತ್ರ ಆಡುತ್ತಿದ್ದ ಗೆಳೆಯ ಕೇಳಿದ: "ಮಿಸ್ಟ್ರಾ ಈಗ ಬದುಕಿದ್ದಾಳಾ?" ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಮಂತ್ರವಿದ್ಯೆಯ ಆ ದೇವತೆ ಒಂದಕ್ಕಿಂತ ಹೆಚ್ಚು ಸಲ ಸತ್ತಿದ್ದಾಳೆ. ಮೂರನೇ ಆವೃತ್ತಿಯ ಪುಸ್ತಕ ಆ ಲೋಕದ 1372ನೇ ಇಸವಿಯದ್ದು. ನಾಲ್ಕನೆಯದು 1479ಕ್ಕೆ ಹಾರಿತು. ನಡುವೆ ಸ್ಪೆಲ್‌ಪ್ಲೇಗ್ ಅನ್ನುವ ಮಂತ್ರದ ವಿಪತ್ತು ಬಂದು ನಕ್ಷೆಯೇ ಬದಲಾಯಿತು. ಐದನೆಯದರಲ್ಲಿ ಬಹಳಷ್ಟು ಮತ್ತೆ ಮೊದಲಿನ ಹಾಗಾಯಿತು. ಎಡ್ ಗ್ರೀನ್‌ವುಡ್ ಚಿಕ್ಕ ಹುಡುಗನಾಗಿದ್ದಾಗ ಕಟ್ಟಲು ಶುರು ಮಾಡಿದ ಲೋಕ ಅದು. 1987ರಲ್ಲಿ ಪುಸ್ತಕ, ನಕ್ಷೆಗಳ ಪೆಟ್ಟಿಗೆಯಾಗಿ ಪ್ರಕಟವಾಯಿತು. ಅಂದಿನಿಂದ ಅದರ ಮೇಲೆ ರಾಶಿ ರಾಶಿ ಕಾದಂಬರಿ ಬಂದಿವೆ. ಅಷ್ಟು ಪ್ರೀತಿಯಿಂದ ಬೆಳೆಸಿದ್ದನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ನನ್ನ ಮೇಜಿನಲ್ಲಿ ಏನಾಯಿತು ಗೊತ್ತಾ? ಓದಿದವನೊಬ್ಬ ಮಾತಾಡುತ್ತಿದ್ದ, ಉಳಿದ ನಾಲ್ವರು ಸುಮ್ನೆ ಕೂತಿದ್ದರು. ಮೂರೇ ಸೆಷನ್‌ನಲ್ಲಿ ಆಟ ನಿಂತುಹೋಯಿತು.

ಗ್ರೇಹಾಕ್‌ನಲ್ಲಿ ಎಲ್ಲರೂ ಒಂದೇ ಗೆರೆಯಿಂದ ಓಟ ಶುರು ಮಾಡುತ್ತಾರೆ. ಡಿ ಅಂಡ್ ಡಿ ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1972ರಲ್ಲಿ ಅಮೆರಿಕದ ಲೇಕ್ ಜಿನೀವಾ ಊರಿನ ತಮ್ಮ ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಆಡಿಸಲು ಶುರು ಮಾಡಿದ ಲೋಕ ಇದು. ಮೊದಲಿಗೆ ಇದ್ದದ್ದು ಒಂದು ಕೋಟೆ, ಅದರ ಕೆಳಗೆ ನೆಲಮಾಳಿಗೆಗಳು. ಆಡುವವರು ಹೊರಗೆ ಕಾಲಿಟ್ಟ ಮೇಲೆ ಊರು, ಆಮೇಲೆ ದೇಶಗಳು. 1980ರಲ್ಲಿ ಇಡೀ ಲೋಕವನ್ನು 32 ಪುಟದ ಪುಸ್ತಕದಲ್ಲಿ, ಡಾರ್ಲೀನ್ ಅನ್ನುವ ಕಲಾವಿದೆ ಬರೆದ ದೊಡ್ಡ ಬಣ್ಣದ ನಕ್ಷೆಯ ಜೊತೆ ಅಚ್ಚು ಹಾಕಿದರು. ಒಂದೊಂದು ರಾಜ್ಯಕ್ಕೆ ನಾಲ್ಕು ಮಾತು, ಅಷ್ಟೇ. ಉಳಿದದ್ದನ್ನು ಡಿಎಂ ತುಂಬಿಕೊಳ್ಳಬೇಕು. ಆ ಖಾಲಿ ಜಾಗವೇ ನನಗೆ ಬೇಕಾದದ್ದು.

ಇನ್ನೊಂದು ಸಂತೋಷದ ವಿಷಯ. ನಿಮ್ಮ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಗ್ರೇಹಾಕ್ ಆಗಲೇ ಕೂತಿದೆ. ಟೆನ್ಸರ್ಸ್ ಫ್ಲೋಟಿಂಗ್ ಡಿಸ್ಕ್ ಅನ್ನುವ ಮಂತ್ರ ಇದೆ ಅಲ್ವಾ? ಟೆನ್ಸರ್ ಅಂದರೆ ಗೈಗ್ಯಾಕ್ಸ್ ಮಗ ಅರ್ನೆಸ್ಟ್ ಆಡುತ್ತಿದ್ದ ಮಂತ್ರವಾದಿ. ಅರ್ನೆಸ್ಟ್ ಅನ್ನುವ ಇಂಗ್ಲಿಷ್ ಅಕ್ಷರಗಳನ್ನೇ ಹಿಂದೆ ಮುಂದೆ ಮಾಡಿದ ಹೆಸರು. ಮೆಲ್ಫ್ಸ್ ಆಸಿಡ್ ಆ್ಯರೋದ ಮೆಲ್ಫ್ ಇನ್ನೊಬ್ಬ ಮಗ ಲ್ಯೂಕ್‌ನ ಪಾತ್ರ. ಒಂದು ಮನೆಯ ಮಕ್ಕಳ ಆಟ ಐವತ್ತು ವರ್ಷದ ನಂತರ ನಮ್ಮ ಮೇಜಿಗೂ ಬಂದಿದೆ ಅಂತ ನೆನೆದಾಗಲೆಲ್ಲ ನನಗೆ ಮನಸ್ಸು ತುಂಬುತ್ತದೆ.

ಪುಸ್ತಕದ ಖರ್ಚೂ ಜಾಸ್ತಿ ಇಲ್ಲ. 2024ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಮಾದರಿ ಲೋಕವಾಗಿ ಕೊಟ್ಟಿರುವುದು ಗ್ರೇಹಾಕ್ ಅನ್ನೇ, ನಕ್ಷೆ ಸಮೇತ. ಕಥೆಯ ವರ್ಷವೂ 1980ರ ಮೊದಲ ಪುಸ್ತಕದಲ್ಲಿದ್ದ, ಆ ಲೋಕದ 576ನೇ ಇಸವಿಯೇ. ಹಾಗಾಗಿ ನಡುವೆ ಏನಾಯಿತು ಅಂತ ಯಾರೂ ಕೇಳುವಂತಿಲ್ಲ.

ಊರು ಯಾವುದು ಅಂದರೆ, ನಾನು ಸಾಲ್ಟ್‌ಮಾರ್ಷ್ ಅನ್ನುತ್ತೇನೆ. ಸಮುದ್ರ ದಡದ ಮೀನುಗಾರರ ಊರು. ಹತ್ತಿರದಲ್ಲಿ ದೆವ್ವದ್ದು ಅಂತ ಜನ ಹೆದರುವ ಒಂದು ಪಾಳು ಮನೆ. ಕಳ್ಳಸಾಗಣೆ ಇದೆ. ಹಳೆಯ ಪದ್ಧತಿ ಬಿಡದವರಿಗೂ ರಾಜನ ಕಡೆಯವರಿಗೂ ಜಗಳ ಇದೆ. ಈ ಊರಿನ 1981ರ ಸಾಹಸವನ್ನು ಐದನೇ ಆವೃತ್ತಿಗೆ ಹೊಂದಿಸಿ 2019ರಲ್ಲಿ ಇನ್ನೂ ಕೆಲವು ಸಾಹಸಗಳ ಜೊತೆ ಮತ್ತೆ ತಂದಿದ್ದಾರೆ. ನಾವು ಕನ್ನಡದಲ್ಲೇ ಆಡುತ್ತೇವೆ. ನಮ್ಮಲ್ಲಿ ಒಬ್ಬಳು ಕುಂದಾಪುರದ ಕಡೆಯವಳು. ಬಂದರಿನ ಮುದುಕ ಮೀನುಗಾರನನ್ನು ನಾನು ವರ್ಣಿಸಿ ಮುಗಿಸುವ ಮೊದಲೇ ಅವಳು "ಹ್ವಾಯ್" ಅಂತ ಅವನನ್ನು ಕರೆದಳು. ಅಲ್ಲಿಂದ ಮುಂದೆ ಆ ಬಂದರು ಎಲ್ಲರದ್ದೂ ಆಯಿತು. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯುವುದಿಲ್ಲ, ಹಾಗಾಗಿ ಆಗ ಊರಲ್ಲಿ ಸಾಲ ಜಾಸ್ತಿ ಅಂತ ಅವಳೇ ಸೇರಿಸಿದಳು. ಯಾವ ಪುಸ್ತಕದಲ್ಲೂ ಇಲ್ಲದ ಆ ಮಾತಿನಿಂದ ನಮಗೆ ಎರಡು ತಿಂಗಳ ಕಥೆ ಸಿಕ್ಕಿತು.

ಎಬೆರಾನ್ ಬಗ್ಗೆ ಒಂದು ಮಾತು. ನಿಮ್ಮ ಗೆಳೆಯರಿಗೆ ರೈಲು, ಪತ್ತೇದಾರಿ, ಯುದ್ಧ ಮುಗಿದ ಮೇಲಿನ ರಾಜಕೀಯ ಇಷ್ಟ ಅಂತ ಗೊತ್ತಿದ್ದರೆ ಧೈರ್ಯವಾಗಿ ಅದನ್ನೇ ಹಿಡಿಯಿರಿ. ಡಿ ಅಂಡ್ ಡಿಯಲ್ಲಿ ಇರುವುದೆಲ್ಲಕ್ಕೂ ಅಲ್ಲಿ ಜಾಗ ಇದೆ. ಆದರೆ ಮಂತ್ರ ಅಲ್ಲಿ ದಿನದ ಬದುಕಿನ ಭಾಗ. ಅದು ಹೇಗೆ ಅಂತ ಮೊದಲ ದಿನವೇ ಎಲ್ಲರಿಗೂ ವಿವರಿಸಬೇಕಾಗುತ್ತದೆ.

ಸ್ವಂತ ಲೋಕ ಕಟ್ಟುವ ಆಸೆಯನ್ನೂ ಬಿಡಬೇಡಿ. ಸಾಲ್ಟ್‌ಮಾರ್ಷ್‌ನ ಆಚೆ ಬೆಟ್ಟದ ಹಿಂದೆ ಏನಿದೆ ಅಂತ ನೀವೇ ಬರೆಯುತ್ತಾ ಹೋಗಿ.

ಮೊದಲ ಸೆಷನ್‌ಗೆ ಒಂದೇ ಹಾಳೆ ಸಾಕು. ಊರಿನ ಹೆಸರು, ಮೂರು ದೇವರು (ಪೆಲೋರ್, ಸೇಂಟ್ ಕತ್‌ಬರ್ಟ್, ಇನ್ನೊಂದು ನಿಮ್ಮಿಷ್ಟ), ದೂರದಲ್ಲಿ ಎಲ್ಲರೂ ಹೆದರುವ ಒಬ್ಬ ಶತ್ರು, ಅದಕ್ಕೆ ಗ್ರೇಹಾಕ್‌ನ ದುಷ್ಟ ಅರೆದೇವ ಇಯೂಝ್ ಇದ್ದಾನೆ. ಕೆಳಗೆ ಅರ್ಧ ಹಾಳೆ ಖಾಲಿ ಬಿಡಿ. ಐವರ ಕೈಗೂ ಪೆನ್ನು ಕೊಟ್ಟು, ಈ ಊರಲ್ಲಿ ನಿಮಗೆ ಗೊತ್ತಿರುವ ಒಬ್ಬರ ಹೆಸರು ಬರೆಯಿರಿ ಅನ್ನಿ.